ಯಾವ ಕೆಲಸ ಏನು ಅಂತ ಗೊತ್ತಿದ್ದರೆ ಹುಡುಗರ ಸಂಬಳ ಜಾಸ್ತಿ ಆಗುತ್ತದಾ?

ಫೋರ್ಕ್‌ಲಿಫ್ಟ್ ಆಪರೇಟರ್ ಏನು ಕೆಲಸ ಮಾಡುತ್ತಾನೆ? ಮೂರು ಉತ್ತರ ಕೊಟ್ಟಿದ್ದಾರೆ, ಒಂದನ್ನು ಆರಿಸಬೇಕು. ಬೇಸಾಯದ ಸಲಕರಣೆ ತಯಾರಿಸುವ ಯಂತ್ರ ನಡೆಸುತ್ತಾನಾ? ಗೋದಾಮಿನಲ್ಲಿ ಸರಕನ್ನು ಮೇಲೆ ಕೆಳಗೆ ಸಾಗಿಸುವ ಲಿಫ್ಟ್ ನೋಡಿಕೊಳ್ಳುತ್ತಾನಾ? ಅಥವಾ ಸರಕನ್ನು ಎತ್ತಿಕೊಂಡು ಗೋದಾಮಿನೊಳಗೆ ಓಡಾಡುವ ಗಾಡಿ ಓಡಿಸುತ್ತಾನಾ?

ನೆಲಮಂಗಲ, ಹೊಸಕೋಟೆ ಕಡೆಯ ಗೋದಾಮುಗಳಲ್ಲಿ ಕೆಲಸ ಮಾಡಿದವರಿಗೆ ಇದು ಪ್ರಶ್ನೆಯೇ ಅಲ್ಲ. ಮೂರನೆಯದು ಅಂತ ಥಟ್ಟನೆ ಹೇಳುತ್ತಾರೆ. ಆದರೆ ಆ ಗಾಡಿಯನ್ನು ಒಮ್ಮೆಯೂ ನೋಡದ, ಅದರ ಬಗ್ಗೆ ಯಾರ ಬಾಯಲ್ಲೂ ಕೇಳದ ಹುಡುಗ ಊಹೆ ಮಾಡಬೇಕಾಗುತ್ತದೆ.

1966ರಲ್ಲಿ ಅಮೆರಿಕದಲ್ಲಿ ಸಾವಿರಾರು ಹುಡುಗರ ಮುಂದೆ ಇಂಥ ಪ್ರಶ್ನೆಗಳನ್ನು ಇಟ್ಟರು. ಉತ್ತರ ಬರೆದುಕೊಂಡು ಸುಮ್ನಾಗಲಿಲ್ಲ. ಅದೇ ಹುಡುಗರನ್ನು ಮತ್ತೆ ಮತ್ತೆ ಹುಡುಕಿಕೊಂಡು ಹೋಗಿ, ಈಗ ಯಾವ ಕೆಲಸದಲ್ಲಿದ್ದೀಯ, ಗಂಟೆಗೆ ಎಷ್ಟು ಸಂಬಳ ಅಂತ ಕೇಳುತ್ತಾ ಹೋದರು. ಕೆಲಸಗಳ ಬಗ್ಗೆ ಮೊದಲೇ ತಿಳಿದಿದ್ದವರಿಗೆ ಮುಂದೆ ಒಳ್ಳೆಯ ಕೆಲಸ ಸಿಕ್ಕಿತಾ ಅನ್ನುವುದನ್ನು ನೋಡಬಹುದಾಗಿದ್ದು ಹೀಗೆ. ಆ ಪರೀಕ್ಷೆಯ ಕಥೆ ಹಳೆಯದಾದರೂ, ಅದು ಎತ್ತಿದ ಪ್ರಶ್ನೆ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನಿರುವ ಪ್ರತಿ ಮನೆಗೂ ಸಂಬಂಧಪಟ್ಟದ್ದು. ಹಾಗಾಗಿ ಸ್ವಲ್ಪ ನಿಧಾನವಾಗಿಯೇ ನೋಡೋಣ.

ಆ ಪರೀಕ್ಷೆಯಲ್ಲಿ ಏನಿತ್ತು

ಅಮೆರಿಕದ ಕಾರ್ಮಿಕ ಇಲಾಖೆ 1960ರ ದಶಕದಲ್ಲಿ ಒಂದು ದೊಡ್ಡ ಸಮೀಕ್ಷೆ ಶುರು ಮಾಡಿತು. ಅದರ ಹೊಣೆ ಹೊತ್ತವರು ಓಹಿಯೋ ಸ್ಟೇಟ್ ಯೂನಿವರ್ಸಿಟಿಯ ಅರ್ಥಶಾಸ್ತ್ರಜ್ಞ ಹರ್ಬರ್ಟ್ ಪಾರ್ನ್ಸ್. ಒಟ್ಟು ನಾಲ್ಕು ಗುಂಪುಗಳು: ನಡುವಯಸ್ಸು ದಾಟುತ್ತಿದ್ದ ಗಂಡಸರು, 14ರಿಂದ 24 ವರ್ಷದ ಹುಡುಗರು, ನಡುವಯಸ್ಸಿನ ಹೆಂಗಸರು, ಆಮೇಲೆ 1968ರಲ್ಲಿ ಸೇರಿಕೊಂಡ 14ರಿಂದ 24ರ ಹುಡುಗಿಯರು. ಹುಡುಗರ ಗುಂಪಿನಲ್ಲಿ 5,225 ಜನ ಇದ್ದರು. ಇವರನ್ನು 1966ರಿಂದ 1981ರವರೆಗೆ ಬೆನ್ನು ಹತ್ತಿದರು. ಹಿಂದೆ ಏನಾಗಿತ್ತು ಅಂತ ನೆನಪಿನಿಂದ ಹೇಳಿಸುವ ಬದಲು, ನಡೆದ ಹಾಗೇ ಬರೆದುಕೊಳ್ಳುತ್ತಾ ಹೋಗುವ ಸಮೀಕ್ಷೆ ಇದು.

ಹುಡುಗರಿಗೆ ಕೊಟ್ಟ ಪರೀಕ್ಷೆಯಲ್ಲಿ ಮೂರು ಭಾಗ. ಮೊದಲನೆಯದು, ಹತ್ತು ಕೆಲಸಗಳ ಹೆಸರು ಹೇಳಿ, ಆ ಕೆಲಸದವರು ಏನು ಮಾಡುತ್ತಾರೆ ಅಂತ ಕೇಳುವುದು. ಪಟ್ಟಿಯಲ್ಲಿ ವೆಲ್ಡರ್, ಮೆಷಿನಿಸ್ಟ್, ಡ್ರಾಫ್ಟ್ಸ್‌ಮನ್, ಸಮಾಜ ಕಾರ್ಯಕರ್ತ, ಅರ್ಥಶಾಸ್ತ್ರಜ್ಞ, ಆಸ್ಪತ್ರೆಯ ವಾರ್ಡ್‌ನಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಸಹಾಯಕ, ಇವೆಲ್ಲ ಇದ್ದವು. ಎರಡನೆಯ ಭಾಗದಲ್ಲಿ, ಅದೇ ಹತ್ತು ಕೆಲಸ ಮಾಡುವವರು ಸಾಮಾನ್ಯವಾಗಿ ಎಷ್ಟು ಓದಿರುತ್ತಾರೆ ಎಂಬ ಪ್ರಶ್ನೆ. ಮೂರನೆಯ ಭಾಗದಲ್ಲಿ ಎಂಟು ಜೋಡಿಗಳು. ಜೋಡಿಯಲ್ಲಿ ಯಾರಿಗೆ ವರ್ಷದ ಸಂಪಾದನೆ ಜಾಸ್ತಿ ಅಂತ ಹೇಳಬೇಕು. ಲಾರಿ ಡ್ರೈವರ್‌ಗಾ, ಕಿರಾಣಿ ಅಂಗಡಿ ಗುಮಾಸ್ತನಿಗಾ? ಕಾರ್ ಮೆಕ್ಯಾನಿಕ್‌ಗಾ, ಎಲೆಕ್ಟ್ರಿಷಿಯನ್‌ಗಾ?

ಈ ಜೋಡಿಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು. ಉಕ್ಕಿನ ಕಾರ್ಖಾನೆಯ ಕೂಲಿಯಾಳು ಮತ್ತು ಚಪ್ಪಲಿ-ಬೂಟ್ಸ್ ಕಾರ್ಖಾನೆಯ ಕೂಲಿಯಾಳು, ಇಬ್ಬರಲ್ಲಿ ಯಾರಿಗೆ ಜಾಸ್ತಿ? ಇಬ್ಬರೂ ವಿಶೇಷ ತರಬೇತಿ ಇಲ್ಲದವರು. ಇಬ್ಬರೂ ಸಾಮಾನು ಹೊರುವವರು, ಗುಡಿಸುವವರು, ಹೇಳಿದ್ದು ಮಾಡುವವರು. ಓದಿನಲ್ಲಿ ವ್ಯತ್ಯಾಸವಿಲ್ಲ. ಆದರೂ ಆ ಕಾಲದ ಅಮೆರಿಕದಲ್ಲಿ ಉಕ್ಕಿನ ಕೆಲಸದವರಿಗೆ ಬಲವಾದ ಯೂನಿಯನ್ ಇತ್ತು, ಕಂಪನಿಗಳು ದೊಡ್ಡವು, ಕೂಲಿ ಒಳ್ಳೆಯದಿತ್ತು. ಬೂಟ್ಸ್ ಕಾರ್ಖಾನೆಗಳಲ್ಲಿ ಅಷ್ಟು ಇರಲಿಲ್ಲ.

ಶಾಲೆಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. "ಚೆನ್ನಾಗಿ ಓದು, ಒಳ್ಳೆಯ ಕೆಲಸ ಸಿಗುತ್ತೆ" ಅನ್ನುವ ಮಾತಿನಲ್ಲೂ ಇದಕ್ಕೆ ಜಾಗವಿಲ್ಲ. ಅಷ್ಟೇ ಓದು, ಅಷ್ಟೇ ಮೈಬಲ ಇರುವ ಇಬ್ಬರು ಹುಡುಗರು ಬೇರೆ ಬೇರೆ ಗೇಟಿನ ಮುಂದೆ ನಿಂತರೆ ಬೇರೆ ಬೇರೆ ಸಂಬಳ ಪಡೆಯುತ್ತಾರೆ. ಯಾವ ಗೇಟಿನ ಮುಂದೆ ನಿಲ್ಲಬೇಕು ಅನ್ನುವ ತಿಳಿವಳಿಕೆಗೂ ಒಂದು ಬೆಲೆ ಇದೆ. ಪರೀಕ್ಷೆ ಅಳೆಯಲು ಹೊರಟಿದ್ದು ಅದನ್ನೇ.

ಯಾರಿಗೆ ಗೊತ್ತಿತ್ತು, ಯಾರಿಗೆ ಗೊತ್ತಿರಲಿಲ್ಲ

ಪಾರ್ನ್ಸ್ ಮತ್ತು ಅವರ ಜೊತೆಗಾರ ಆಂಡ್ರ್ಯೂ ಕೋಹೆನ್ ಈ ಅಂಕಗಳನ್ನು ಇಟ್ಟುಕೊಂಡು 1975ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜಾಸ್ತಿ ಓದಿದವರಿಗೆ ಜಾಸ್ತಿ ಅಂಕ ಬಂದಿತ್ತು. ಬುದ್ಧಿಶಕ್ತಿ ಪರೀಕ್ಷೆಯಲ್ಲಿ ಮುಂದಿದ್ದವರು ಇಲ್ಲೂ ಮುಂದಿದ್ದರು. ಇದರಲ್ಲಿ ಆಶ್ಚರ್ಯ ಇಲ್ಲ.

ಅದರ ಜೊತೆಗೆ ಮನೆಯ ಸ್ಥಿತಿಯೂ ಎದ್ದು ಕಾಣುತ್ತಿತ್ತು. ಅನುಕೂಲಸ್ಥರ ಮನೆಯ, ಓದು-ಬರಹದ ವಾತಾವರಣ ಇದ್ದ ಮನೆಯ ಹುಡುಗರಿಗೆ ಕೆಲಸಗಳ ಬಗ್ಗೆ ಜಾಸ್ತಿ ಗೊತ್ತಿತ್ತು. ಕಪ್ಪು ಜನಾಂಗದ ಹುಡುಗರ ಸರಾಸರಿ ಅಂಕ ಬಿಳಿಯ ಹುಡುಗರಿಗಿಂತ ಕಡಿಮೆ ಇತ್ತು.

ಈ ಕೊನೆಯ ಮಾತನ್ನು ಆ ಕಾಲದಲ್ಲಿಟ್ಟೇ ನೋಡಬೇಕು. ಉದ್ಯೋಗದಲ್ಲಿ ಜನಾಂಗಭೇದ ಮಾಡಬಾರದು ಎಂಬ ಕಾನೂನು ಅಮೆರಿಕದಲ್ಲಿ ಬಂದಿದ್ದೇ 1964ರಲ್ಲಿ. ಪರೀಕ್ಷೆ ನಡೆದದ್ದು ಅದಾದ ಎರಡೇ ವರ್ಷಕ್ಕೆ. ಅಲ್ಲಿಯವರೆಗೆ ಎಷ್ಟೋ ಕೆಲಸಗಳಿಗೆ ಕಪ್ಪು ಜನರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಅಪ್ಪನೂ ಆ ಕಾರ್ಖಾನೆಯೊಳಗೆ ಹೋಗಿಲ್ಲ, ಚಿಕ್ಕಪ್ಪನೂ ಹೋಗಿಲ್ಲ, ಬೀದಿಯಲ್ಲಿ ಯಾರೂ ಹೋಗಿಲ್ಲ. ಹಾಗಿರುವಾಗ ಮಗನಿಗೆ ಅದರ ಬಗ್ಗೆ ಯಾರು ಹೇಳಬೇಕು? ಬಾಗಿಲು ಮುಚ್ಚಿದ್ದರಿಂದ ಆ ತಲೆಮಾರಿಗೆ ಸಂಬಳ ತಪ್ಪಿತು. ಮುಂದಿನ ತಲೆಮಾರಿಗೆ ಆ ಬಾಗಿಲು ಎಲ್ಲಿದೆ ಅನ್ನುವುದೂ ತಿಳಿಯದೆ ಹೋಯಿತು.

ನಮ್ಮಲ್ಲೂ ಇದು ಹೊಸದೇನಲ್ಲ, ಅಲ್ವಾ. ತಲೆತಲಾಂತರದಿಂದ ಒಂದೇ ಕಸುಬಿಗೆ ಕಟ್ಟಿಹಾಕಿದ ಮನೆಗಳಲ್ಲಿ ಬೇರೆ ಕೆಲಸದ ಮಾತು ಊಟದ ಹೊತ್ತಿನಲ್ಲಿ ಬರುವುದು ಹೇಗೆ? ಆಸ್ತಿ ಹಂಚಿಕೆಯಾದರೆ ಪತ್ರವಾಗುತ್ತದೆ, ಸಾಕ್ಷಿ ಇರುತ್ತದೆ. ತಿಳಿವಳಿಕೆ ಮಾತ್ರ ಸದ್ದಿಲ್ಲದೆ ಮನೆಯಿಂದ ಮನೆಗೆ, ಮಾತಿನಿಂದ ಮಾತಿಗೆ ಹೋಗುತ್ತದೆ. ಸಿಗದವರಿಗೆ ತಮಗೆ ಏನು ಸಿಗಲಿಲ್ಲ ಅನ್ನುವುದೂ ಗೊತ್ತಾಗುವುದಿಲ್ಲ.

ಎರಡು ವರ್ಷದ ನಂತರ

ಈಗ ಮುಖ್ಯ ವಿಷಯ. 1966ರ ಅಂಕವನ್ನು, ಅದೇ ಹುಡುಗರು ಎರಡು ವರ್ಷ ಬಿಟ್ಟು ಏನು ಮಾಡುತ್ತಿದ್ದರು ಅನ್ನುವುದರ ಪಕ್ಕ ಇಟ್ಟು ನೋಡಿದರು. ಅಂಕ ಜಾಸ್ತಿ ಇದ್ದವರಿಗೆ ಗಂಟೆಯ ಸಂಬಳವೂ ಜಾಸ್ತಿ ಇತ್ತು, ಕೆಲಸದ ಸ್ಥಾನಮಾನವೂ ಮೇಲಿತ್ತು.

"ಅದರಲ್ಲೇನಿದೆ? ಓದಿದವರಿಗೆ ಎರಡೂ ಜಾಸ್ತಿ ಇರುತ್ತದೆ" ಅಂತ ನಿಮಗೆ ಅನ್ನಿಸಬಹುದು. ಅದೇ ಅನುಮಾನ ಅಧ್ಯಯನ ಮಾಡಿದವರಿಗೂ ಇತ್ತು. ಅದಕ್ಕೇ ಅವರು ಓದು, ಬುದ್ಧಿಶಕ್ತಿ ಪರೀಕ್ಷೆಯ ಅಂಕ ಇಂಥ ವಿಷಯಗಳನ್ನು ಲೆಕ್ಕಕ್ಕೆ ತೆಗೆದುಕೊಂಡರು. ಅಂದರೆ ಹತ್ತನೇ ತರಗತಿ ಓದಿದವನನ್ನು ಪದವಿ ಓದಿದವನ ಜೊತೆ ಹೋಲಿಸಲಿಲ್ಲ. ಎಲ್ಲದರಲ್ಲೂ ಹೆಚ್ಚು ಕಡಿಮೆ ಒಂದೇ ಥರ ಇರುವವರಲ್ಲಿ, ಕೆಲಸಗಳ ಬಗ್ಗೆ ತಿಳಿದವನಿಗೂ ತಿಳಿಯದವನಿಗೂ ವ್ಯತ್ಯಾಸ ಉಳಿಯುತ್ತದಾ ಅಂತ ನೋಡಿದರು. ಉಳಿಯಿತು. ಬಿಳಿಯರಲ್ಲೂ, ಕಪ್ಪು ಜನಾಂಗದವರಲ್ಲೂ.

ಇಲ್ಲಿ ಒಂದು ತೊಡಕಿದೆ, ಅದನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಚುರುಕಾದ ಹುಡುಗ, ಕುತೂಹಲದ ಹುಡುಗ, ನಾಲ್ಕು ಜನರ ಜೊತೆ ಬೆರೆಯುವ ಹುಡುಗ ಕೆಲಸಗಳ ಬಗ್ಗೆಯೂ ಜಾಸ್ತಿ ತಿಳಿದುಕೊಂಡಿರುತ್ತಾನೆ, ಕೆಲಸದಲ್ಲೂ ಮುಂದೆ ಬರುತ್ತಾನೆ. ಹಾಗಾದರೆ ಸಂಬಳ ಹೆಚ್ಚಿಸಿದ್ದು ಅವನ ತಿಳಿವಳಿಕೆಯಾ, ಚುರುಕುತನವಾ? ಈ ಅನುಮಾನ ಎಷ್ಟು ಗಟ್ಟಿಯಾಗಿತ್ತು ಅಂದರೆ, ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ಝ್ವಿ ಗ್ರಿಲಿಕಸ್ 1976ರಲ್ಲಿ ಇದೇ ಹುಡುಗರ ಸಂಬಳದ ಬಗ್ಗೆ ಬರೆದಾಗ, ಈ ಪರೀಕ್ಷೆಯ ಅಂಕವನ್ನು ಬುದ್ಧಿಸಾಮರ್ಥ್ಯದ ಇನ್ನೊಂದು ಅಳತೆಯಾಗಿಯೇ ಬಳಸಿಕೊಂಡರು. ಅವರ ಪ್ರಶ್ನೆ ಬೇರೆ ಇತ್ತು: ಓದಿನಿಂದ ಸಂಬಳ ಎಷ್ಟು ಹೆಚ್ಚುತ್ತದೆ, ಅದರಲ್ಲಿ ಬುದ್ಧಿಯ ಪಾಲೆಷ್ಟು ಅನ್ನುವುದು. ಒಬ್ಬರಿಗೆ ತಿಳಿವಳಿಕೆಯ ಅಳತೆ, ಇನ್ನೊಬ್ಬರಿಗೆ ಬುದ್ಧಿಯ ಅಳತೆ. ಅಂಕಪಟ್ಟಿ ಒಂದೇ.

ಇಂಥ ಜಗಳವನ್ನು ಬಿಡಿಸುವ ದಾರಿ ಒಂದೇ. ಇರುವ ಹುಡುಗರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಬೇಕು. ಒಂದು ಗುಂಪಿಗೆ ಮಾಹಿತಿ ಕೊಡಬೇಕು, ಇನ್ನೊಂದಕ್ಕೆ ಕೊಡಬಾರದು. ಚೀಟಿ ಎತ್ತಿದ ಮೇಲೆ ಎರಡೂ ಗುಂಪಿನಲ್ಲಿ ಚುರುಕಾದವರೂ ಮಂದಗತಿಯವರೂ ಸಮನಾಗಿ ಹಂಚಿಹೋಗಿರುತ್ತಾರೆ. ಆಮೇಲೆ ಕಾಣುವ ವ್ಯತ್ಯಾಸ ಮಾಹಿತಿಯದ್ದೇ. 1966ರಲ್ಲಿ ಹೀಗೆ ಮಾಡಿರಲಿಲ್ಲ. ಮುಂದೆ ಮಾಡಿದರು.

ಡೊಮಿನಿಕನ್ ರಿಪಬ್ಲಿಕ್‌ನ ಎಂಟನೇ ತರಗತಿ ಹುಡುಗರು

ಕೆರಿಬಿಯನ್ ದ್ವೀಪದ ಈ ದೇಶದಲ್ಲಿ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಎಂಟನೇ ತರಗತಿಯ ಹುಡುಗರ ಜೊತೆ ಒಂದು ಪ್ರಯೋಗ ಮಾಡಿದರು. ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಮೊದಲು ಹುಡುಗರನ್ನು ಕೇಳಿದ್ದು ಇಷ್ಟು: ಇಷ್ಟಕ್ಕೇ ಓದು ನಿಲ್ಲಿಸಿದರೆ ನಿನಗೆ ತಿಂಗಳಿಗೆ ಎಷ್ಟು ಸಂಪಾದನೆ ಆಗಬಹುದು? ಹೈಸ್ಕೂಲ್ ಮುಗಿಸಿದರೆ ಎಷ್ಟು?

ಹುಡುಗರು ಹೇಳಿದ ಎರಡು ಸಂಖ್ಯೆಗಳ ನಡುವೆ ಅಂತರ ತೀರಾ ಕಡಿಮೆ ಇತ್ತು. ನಿಜವಾದ ಸಂಬಳಗಳ ಅಂತರ ಅದಕ್ಕಿಂತ ಎಷ್ಟೋ ದೊಡ್ಡದು. ಇವರು ಹೀಗೆ ತಪ್ಪು ಅಂದಾಜು ಮಾಡಿದ್ದಕ್ಕೆ ಕಾರಣವಿದೆ. ಬಡ ಬಡಾವಣೆಯ ಹುಡುಗ ತನ್ನ ಸುತ್ತಲಿನವರನ್ನೇ ನೋಡಿ ಲೆಕ್ಕ ಹಾಕುತ್ತಾನೆ. ಚೆನ್ನಾಗಿ ಓದಿ ಚೆನ್ನಾಗಿ ಸಂಪಾದಿಸಿದವರು ಆ ಬಡಾವಣೆ ಬಿಟ್ಟು ಹೋಗಿರುತ್ತಾರೆ. ಓದಿಯೂ ಅಲ್ಲೇ ಉಳಿದವರು ಕಣ್ಣಿಗೆ ಬೀಳುತ್ತಾರೆ. "ಓದಿ ಏನು ಕಡಿದು ಗುಡ್ಡೆ ಹಾಕಿದ ಅವನು?" ಅನ್ನುವ ಮಾತು ಹುಟ್ಟುವುದೇ ಹೀಗೆ. ನಮ್ಮ ಹಳ್ಳಿಗಳ ಅರಳಿಕಟ್ಟೆಯಲ್ಲೂ ಈ ಮಾತು ಕೇಳಿಬರುತ್ತದೆ.

ಜೆನ್ಸನ್ ಚೀಟಿ ಎತ್ತಿ ಆರಿಸಿದ ಕೆಲವು ಶಾಲೆಗಳ ಹುಡುಗರಿಗೆ ನಿಜವಾದ ಸಂಬಳಗಳನ್ನು ಹೇಳಿದರು. ಅಷ್ಟೇ. ದುಡ್ಡು ಕೊಡಲಿಲ್ಲ, ಪುಸ್ತಕ ಕೊಡಲಿಲ್ಲ, ಟ್ಯೂಷನ್ ಕೊಡಿಸಲಿಲ್ಲ. ಮುಂದಿನ ನಾಲ್ಕು ವರ್ಷಗಳಲ್ಲಿ ಆ ಹುಡುಗರು ಉಳಿದವರಿಗಿಂತ ಸರಾಸರಿ 0.20ರಿಂದ 0.35 ವರ್ಷ ಹೆಚ್ಚಿಗೆ ಓದಿದರು. ಕೇಳಲು ಸಣ್ಣದು ಅನ್ನಿಸುತ್ತದೆ. ಆದರೆ ಇದು ಸರಾಸರಿ. ಓದು ಬಿಡಲು ಮೊದಲೇ ತೀರ್ಮಾನಿಸಿದವರು, ಹೇಗಿದ್ದರೂ ಓದೇ ಓದುವವರು, ಎಲ್ಲರೂ ಇದರಲ್ಲಿ ಸೇರಿದ್ದಾರೆ. ಒಂದೇ ಒಂದು ಮಾತುಕತೆಯಿಂದ ಇಷ್ಟು ಆಗಿದ್ದು ಸಣ್ಣದಲ್ಲ.

ಇದರಲ್ಲಿ ಎದೆಗೆ ನಾಟುವ ಇನ್ನೊಂದು ಸಂಗತಿ ಇದೆ. ಬಡವರಲ್ಲೇ ಸ್ವಲ್ಪ ಅನುಕೂಲ ಇದ್ದವರ ಮಕ್ಕಳಲ್ಲಿ ಈ ಪರಿಣಾಮ ಚೆನ್ನಾಗಿ ಕಂಡಿತು. ತೀರಾ ಬಡವರ ಮಕ್ಕಳಲ್ಲಿ ಕಾಣಲೇ ಇಲ್ಲ. ಅವರಿಗೂ ಮಾತು ಅರ್ಥವಾಗಿತ್ತು, ಓದಿದರೆ ಲಾಭ ಅಂತ ಅವರ ಅಂದಾಜೂ ಬದಲಾಗಿತ್ತು. ಆದರೆ ಬಸ್ ಚಾರ್ಜು, ಸಮವಸ್ತ್ರ, ಮನೆಗೆ ಬರಬೇಕಾದ ದಿನಗೂಲಿ, ಇವು ಬದಲಾಗಿರಲಿಲ್ಲ. ಮಾಹಿತಿಯಿಂದ ಎಲ್ಲ ಆಗಿಬಿಡುತ್ತದೆ ಅಂತ ಭಾಷಣ ಮಾಡುವವರು ಈ ಒಂದು ಸಂಗತಿಯನ್ನು ಮರೆಯಬಾರದು.

ತಿಳಿವಳಿಕೆ ಸಂಬಳವಾಗುವುದು ಹೇಗೆ

ಇಲ್ಲಿ ಮೂರು ದಾರಿ ಕಾಣುತ್ತವೆ. ಮೊದಲನೆಯದು ಹುಡುಕಾಟ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1960ರ ದಶಕದ ಶುರುವಿನಲ್ಲಿ ಒಂದು ಸರಳ ವಿಚಾರ ಮುಂದಿಟ್ಟರು. ಅವರಿಗೆ 1982ರಲ್ಲಿ ನೊಬೆಲ್ ಬಂತು. ಒಂದೇ ಕೆಲಸಕ್ಕೆ ಬೇರೆ ಬೇರೆ ಕಡೆ ಬೇರೆ ಬೇರೆ ಸಂಬಳ ಇರುತ್ತದೆ, ಅದನ್ನು ತಿಳಿದುಕೊಳ್ಳಲು ಓಡಾಟ, ಸಮಯ, ದುಡ್ಡು ಬೇಕು. ಎಲ್ಲಿ ಹುಡುಕಬೇಕು ಅಂತ ಮೊದಲೇ ಗೊತ್ತಿದ್ದವನಿಗೆ ಆ ಖರ್ಚು ಕಡಿಮೆ. ಗೊತ್ತಿಲ್ಲದವನು ಮೊದಲು ಸಿಕ್ಕಿದ್ದಕ್ಕೆ ಹೂಂ ಅಂದುಬಿಡುತ್ತಾನೆ.

ಎರಡನೆಯದು ಜನ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1970ರ ಸುಮಾರಿಗೆ ಬೋಸ್ಟನ್ ಹತ್ತಿರದ ನ್ಯೂಟನ್ ಪಟ್ಟಣದಲ್ಲಿ, ಆಗಷ್ಟೇ ಕೆಲಸ ಬದಲಿಸಿದ ಗಂಡಸರನ್ನು ಮಾತಾಡಿಸಿದರು. ಅರ್ಧಕ್ಕಿಂತ ಜಾಸ್ತಿ ಮಂದಿಗೆ ಕೆಲಸ ಸಿಕ್ಕಿದ್ದು ಪರಿಚಯದವರ ಮೂಲಕ. ಇದು ನಮಗೆ ಗೊತ್ತಿರುವುದೇ. ಹಾಗಾದರೆ ಆ ಪರಿಚಯದವರು ಎಷ್ಟು ಹತ್ತಿರದವರು? ಅಲ್ಲಿ ಎಣಿಕೆ ತಿರುಗಿ ಬಿತ್ತು. ಸುದ್ದಿ ಕೊಟ್ಟವರನ್ನು ವಾರಕ್ಕೆ ಎರಡು ಸಲವಾದರೂ ಭೇಟಿಯಾಗುತ್ತಿದ್ದವರು ನೂರಕ್ಕೆ 17ರಷ್ಟು ಮಾತ್ರ. ವರ್ಷಕ್ಕೆ ಒಮ್ಮೆಯೋ ಅದಕ್ಕಿಂತ ಕಡಿಮೆಯೋ ಕಾಣುತ್ತಿದ್ದವರು ನೂರಕ್ಕೆ 28ರಷ್ಟು. ಉಳಿದವರು ಈ ಎರಡರ ನಡುವೆ.

ಯಾಕೆ ಹೀಗೆ ಅಂದರೆ, ದಿನಾ ಜೊತೆಗಿರುವ ಗೆಳೆಯರಿಗೆ ನಿಮಗೆ ಗೊತ್ತಿರುವುದೇ ಗೊತ್ತಿರುತ್ತದೆ. ಒಂದೇ ಟೀ ಅಂಗಡಿ, ಒಂದೇ ಸುದ್ದಿ, ಒಂದೇ ವಾಟ್ಸ್ಯಾಪ್ ಗುಂಪು. ಹೊಸ ಸುದ್ದಿ ಬರುವುದು ಮದುವೆಮನೆಯಲ್ಲಿ ಸಿಕ್ಕ ದೂರದ ನೆಂಟರಿಂದ, ಹಳೆಯ ಸಹಪಾಠಿಯಿಂದ, ಊರು ಬಿಟ್ಟು ಹೋದವರಿಂದ. ಕೆಲಸ ಹುಡುಕುವ ಹುಡುಗರು ಹಿಂಜರಿಯುವುದೂ ಇವರನ್ನು ಮಾತಾಡಿಸಲೇ. "ಅಷ್ಟೇನೂ ಪರಿಚಯ ಇಲ್ಲ, ಹೇಗೆ ಕೇಳೋದು" ಅಂತ. ನ್ಯೂಟನ್‌ನ ಲೆಕ್ಕ ನೋಡಿದರೆ ಕೇಳಬೇಕಾದ್ದು ಅವರನ್ನೇ.

ಮೂರನೆಯದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ನನ್ನ ಮಟ್ಟಿಗೆ ಅದೇ ದೊಡ್ಡದು. ಸಿಕ್ಕ ಕೆಲಸದಲ್ಲಿ ನಿಲ್ಲುವುದೋ ಬಿಡುವುದೋ ಅನ್ನುವ ತೀರ್ಮಾನ.

ಪೀಣ್ಯದ ಯಾವುದಾದರೂ ಮೆಷಿನ್ ಶಾಪ್ ತೆಗೆದುಕೊಳ್ಳಿ. ಐಟಿಐ ಮುಗಿಸಿದ ಹುಡುಗ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೊರೆಯುವ ಯಂತ್ರದ ಆಪರೇಟರ್ ಆಗಿ ಸೇರುತ್ತಾನೆ. ಮೊದಮೊದಲು ಅವನ ಕೆಲಸ ಏನು? ಪೀಸ್ ಹಾಕುವುದು, ಬಾಗಿಲು ಎಳೆಯುವುದು, ಸೈಕಲ್ ಸ್ಟಾರ್ಟ್ ಒತ್ತುವುದು, ಮುಗಿದ ಮೇಲೆ ಪೀಸ್ ತೆಗೆದು ಗಾಳಿ ಹೊಡೆದು ಮೈಕ್ರೋಮೀಟರ್ ಹಿಡಿದು ಅಳತೆ ನೋಡುವುದು. ಮತ್ತೆ ಇನ್ನೊಂದು ಪೀಸ್. ನೈಟ್ ಶಿಫ್ಟ್‌ನಲ್ಲೂ ಇದೇ. ಕೆಲವು ತಿಂಗಳಲ್ಲಿ ಬೇಸರ ಬಂದುಬಿಡುತ್ತದೆ. ಇದಕ್ಕಿಂತ ಬೈಕ್‌ನಲ್ಲಿ ಡೆಲಿವರಿ ಮಾಡಿದರೆ ಇವತ್ತೇ ಕೈಗೆ ದುಡ್ಡು ಅಂತ ಬಿಟ್ಟು ಹೋಗುತ್ತಾನೆ.

ಆದರೆ ಪಕ್ಕದ ಮೆಷಿನ್‌ನಲ್ಲಿ ಒಬ್ಬ ಸೆಟ್ಟರ್ ಇರುತ್ತಾನೆ. ಹೊಸ ಜಾಬ್ ಬಂದಾಗ ಟೂಲ್ ಕಟ್ಟುವುದು, ಆಫ್‌ಸೆಟ್ ಹಾಕುವುದು (ಟೂಲ್ ಎಲ್ಲಿದೆ ಅನ್ನುವ ಅಳತೆಯನ್ನು ಯಂತ್ರಕ್ಕೆ ಕೊಡುವುದು), ಮೊದಲ ಪೀಸ್ ಓಕೆ ಮಾಡಿಸುವುದು ಅವನ ಕೆಲಸ. ಅವನ ಸಂಬಳ ಬೇರೆ, ಅವನಿಗೆ ಸಿಗುವ ಮರ್ಯಾದೆ ಬೇರೆ. ಅವನ ಮೇಲೆ ಪ್ರೋಗ್ರಾಂ ಬರೆಯುವವನು. ಆಪರೇಟರ್ ಹುಡುಗ ಬಿಡುವಿದ್ದಾಗ ಸೆಟ್ಟರ್ ಪಕ್ಕ ನಿಂತು ಆಫ್‌ಸೆಟ್ ಹಾಕುವುದನ್ನು ಕಲಿತರೆ, ಬೇರೆ ಕಂಪನಿಯ ಇಂಟರ್‌ವ್ಯೂನಲ್ಲಿ "ಸೆಟ್ಟಿಂಗ್ ಗೊತ್ತಾ?" ಅಂತ ಕೇಳಿದಾಗ ಹೌದು ಅನ್ನಬಹುದು. ಈ ಮೆಟ್ಟಿಲುಗಳು ಇವೆ ಅಂತ ಗೊತ್ತಿದ್ದವನು ಮೊದಲ ವರ್ಷದ ಬೇಸರವನ್ನು ತಡೆದುಕೊಳ್ಳುತ್ತಾನೆ. ಗೊತ್ತಿಲ್ಲದವನಿಗೆ ಗುಂಡಿ ಒತ್ತುವುದೇ ಜೀವನವಿಡೀ ಅನ್ನಿಸಿಬಿಡುತ್ತದೆ. ಅವನು ಸೋಮಾರಿಯಲ್ಲ. ಅವನಿಗೆ ಯಾರೂ ಹೇಳಿಲ್ಲ.

ಬಿಹಾರ ಮತ್ತು ಜಾರ್ಖಂಡ್‌ನಲ್ಲಿ ನಡೆದ ಒಂದು ಪ್ರಯೋಗ ಇದಕ್ಕೆ ಹತ್ತಿರದ್ದು. ಕೇಂದ್ರ ಸರ್ಕಾರದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ ತರಬೇತಿಗೆ ಬಂದ ಹಳ್ಳಿಯ ಯುವಜನರಿಗೆ, ಮುಂದೆ ಎಂಥ ಕೆಲಸ ಸಿಗುತ್ತದೆ, ಯಾವ ಊರಲ್ಲಿ, ಎಷ್ಟು ಸಂಬಳ, ಜೀವನ ಹೇಗಿರುತ್ತದೆ ಅಂತ ಮೊದಲೇ ಬಿಡಿಸಿ ಹೇಳಿದರು. ಕೆಲವರಿಗೆ ಹೇಳಿದರು, ಕೆಲವರಿಗೆ ಹೇಳಲಿಲ್ಲ. ಹೇಳಿಸಿಕೊಂಡವರು ಕೆಲಸಕ್ಕೆ ಸೇರಿದ ಮೇಲೆ ಜಾಸ್ತಿ ದಿನ ನಿಂತರು. ಕಾರಣ ಕುತೂಹಲದ್ದು. ಸಿಗಲಾರದಷ್ಟು ಸಂಬಳದ ಕನಸು ಕಂಡು ಬಂದವರು ಮೊದಲೇ ತರಬೇತಿ ಬಿಟ್ಟು ಹೊರಟರು. ಗೊತ್ತಿದ್ದೂ ಉಳಿದವರಿಗೆ ಊರು ಬಿಟ್ಟ ಮೇಲೆ ಆಘಾತವಾಗಲಿಲ್ಲ. ಹಾಗಾಗಿ ಮಾಹಿತಿ ಕೊಡುವುದು ಅಂದರೆ ಆಸೆ ಹುಟ್ಟಿಸುವುದು ಅಂತಲೇ ಅಲ್ಲ. "ಇದು ನಿನಗೆ ಆಗಲ್ಲ ಅನ್ನಿಸಿದರೆ ಈಗಲೇ ಬಿಡು" ಅನ್ನುವುದಕ್ಕೂ ಅದು ಬೇಕು. ಆರು ತಿಂಗಳು ಹಾಳಾಗುವುದು ತಪ್ಪುತ್ತದೆ.

ವಯಸ್ಸಾದ ಮೇಲೂ ಇದು ಉಪಯೋಗಕ್ಕೆ ಬರುತ್ತದೆ. ಸ್ಕಾಟ್ಲೆಂಡ್‌ನ ಎಡಿನ್‌ಬರೋದಲ್ಲಿ ಕೆಲಸ ಇಲ್ಲದವರನ್ನು 12 ವಾರ ಕಂಪ್ಯೂಟರ್ ಮುಂದೆ ಕೂರಿಸಿ ಕೆಲಸ ಹುಡುಕಿಸಿದರು. ಅರ್ಧ ಜನರಿಗೆ, ನಿಮ್ಮ ಹಳೆಯ ಕೆಲಸಕ್ಕೆ ಹತ್ತಿರವಾದ ಬೇರೆ ಕೆಲಸಗಳು ಇವು ಅಂತ ಪರದೆಯ ಮೇಲೆ ತೋರಿಸಿದರು. ಅವರಿಗೆ ಇಂಟರ್‌ವ್ಯೂಗೆ ಕರೆ ಹೆಚ್ಚಿತು. ಅದರಲ್ಲೂ ಒಂದೇ ಥರದ ಕೆಲಸಕ್ಕೆ ಅಂಟಿಕೊಂಡು ಹುಡುಕುತ್ತಿದ್ದು, ಕೆಲವು ತಿಂಗಳಿಂದ ಖಾಲಿ ಕೂತವರಿಗೆ ಹೆಚ್ಚು ಅನುಕೂಲವಾಯಿತು.

ನಮ್ಮ ಹುಡುಗರಿಗೆ ಗೊತ್ತಿರುವ ಕೆಲಸಗಳು

ಹಳ್ಳಿಯ ಹೈಸ್ಕೂಲ್ ಹುಡುಗನನ್ನು ಗೊತ್ತಿರುವ ಕೆಲಸಗಳ ಹೆಸರು ಹೇಳು ಅನ್ನಿ. ಮೇಷ್ಟ್ರು, ಪೊಲೀಸ್, ಡಾಕ್ಟರ್, ಎಂಜಿನಿಯರ್, ಬ್ಯಾಂಕಿನವರು, ಲೈನ್‌ಮನ್, ಡ್ರೈವರ್, ಮಿಲಿಟರಿ. ಕಣ್ಣಿಗೆ ಕಂಡವು ಇವು. ಇದರಲ್ಲಿ ಅವನ ತಪ್ಪೇನೂ ಇಲ್ಲ. ಕಾರ್ಖಾನೆಗೆ ಬೇಕಾದ ಅಚ್ಚು, ಉಪಕರಣ ಮಾಡಿಕೊಡುವ ಟೂಲ್ ಅಂಡ್ ಡೈ ಮೇಕರ್ ಊರಿಗೆ ಬಂದು ಕೆಲಸ ಮಾಡುವುದಿಲ್ಲ. ಲಿಫ್ಟ್ ಟೆಕ್ನಿಷಿಯನ್‌ಗೆ ಲಿಫ್ಟ್ ಇಲ್ಲದ ಊರಲ್ಲಿ ಏನು ಕೆಲಸ? ಆಸ್ಪತ್ರೆಯಲ್ಲಿ ಡಾಕ್ಟರು, ನರ್ಸು ಕಾಣುತ್ತಾರೆ. ಡಯಾಲಿಸಿಸ್ ಟೆಕ್ನಿಷಿಯನ್, ಆಪರೇಷನ್ ಥಿಯೇಟರ್ ಟೆಕ್ನಿಷಿಯನ್ ಒಳಗಿರುತ್ತಾರೆ.

ಹೀಗಾಗಿ ಹುಡುಗರೆಲ್ಲ ಒಂದೇ ಕಡೆಗೆ ನುಗ್ಗುತ್ತಾರೆ. ಧಾರವಾಡಕ್ಕೆ, ವಿಜಯಪುರಕ್ಕೆ ಹೋಗಿ ನೋಡಿ. ರೂಮು ಮಾಡಿಕೊಂಡು, ಲೈಬ್ರರಿಯಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಕೂತು ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ, ಕೆಎಎಸ್ ಪರೀಕ್ಷೆಗಳಿಗೆ ಓದುವ ಹುಡುಗರ ಶ್ರಮ ನೋಡಿದರೆ ಗೌರವ ಬರುತ್ತದೆ. ಸರ್ಕಾರಿ ಕೆಲಸ ಬೇಕು ಅನ್ನುವುದು ತಪ್ಪಲ್ಲ, ಭದ್ರತೆ ಯಾರಿಗೆ ಬೇಡ? ಆದರೆ ವರ್ಷಗಟ್ಟಲೆ ಕಾದು, ವಯಸ್ಸಿನ ಮಿತಿ ಹತ್ತಿರ ಬಂದಾಗ, ಇನ್ನೇನು ಮಾಡಬಹುದು ಅನ್ನುವ ಪ್ರಶ್ನೆಗೆ ಅವರ ಬಳಿ ಉತ್ತರ ಇಲ್ಲದಿರುವುದು ಸಂಕಟದ ವಿಷಯ. ಅಷ್ಟು ಓದುವ ಶಕ್ತಿ ಇದ್ದವನಿಗೆ ಬೇರೆ ನಾಲ್ಕು ದಾರಿಗಳ ಹೆಸರೂ ತಿಳಿಯದೆ ಇದ್ದದ್ದು ನಮ್ಮ ವ್ಯವಸ್ಥೆಯ ಲೋಪ.

ಒಂದೇ ಉದಾಹರಣೆ ಕೊಡುತ್ತೇನೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐಗೆ ಹೋದರೆ ಓದು ಅಲ್ಲಿಗೆ ಮುಗಿಯಿತು ಅಂತ ಎಷ್ಟೋ ಅಪ್ಪ-ಅಮ್ಮ ನಂಬಿದ್ದಾರೆ. ನಿಜ ಹಾಗಿಲ್ಲ. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಥರದ ಎರಡು ವರ್ಷದ ಟ್ರೇಡ್ ಮುಗಿಸಿದವರು ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾದ ಎರಡನೇ ವರ್ಷಕ್ಕೇ ಸೇರಲು ಅವಕಾಶವಿದೆ. ಇದನ್ನು ಲ್ಯಾಟರಲ್ ಎಂಟ್ರಿ ಅನ್ನುತ್ತಾರೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ಪಿಯುಸಿ ಮೆಟ್ಟಿಲು ಹತ್ತದೆಯೂ ಬಿಇ ತನಕ ಹೋಗುವ ದಾರಿ ಇದು. ನಡುವೆ ಎಲ್ಲಿ ನಿಂತರೂ ಕೈಯಲ್ಲಿ ಒಂದು ಕಸುಬು ಇರುತ್ತದೆ. ದುಡ್ಡಿಗೆ ಕಷ್ಟ ಇರುವ ಮನೆಗೆ ಇಂಥ ದಾರಿ ಎಷ್ಟು ದೊಡ್ಡದು ಅಂತ ಯೋಚಿಸಿ. ಬೆಂಗಳೂರಿನಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಶುರುವಾದ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇದೆ. ಎಸ್ಸೆಸ್ಸೆಲ್ಸಿ ಆದವರಿಗೆ ಟೂಲ್ ಅಂಡ್ ಡೈ ಮೇಕಿಂಗ್‌ನಲ್ಲಿ ಡಿಪ್ಲೊಮಾ ಕೊಡುತ್ತದೆ, ಈಗ ರಾಜ್ಯದ ಬೇರೆ ಊರುಗಳಲ್ಲೂ ಕೇಂದ್ರಗಳಿವೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಕಂಪನಿಗಳಲ್ಲಿ ಸ್ಟೈಪೆಂಡ್ ಪಡೆದು ಕಲಿಯುವ ಅವಕಾಶವಿದೆ. ಇವೆಲ್ಲ ಗುಟ್ಟಿನ ವಿಷಯಗಳಲ್ಲ. ಆದರೆ ಹೇಳುವವರು ಮನೆಯಲ್ಲಿ ಇಲ್ಲದಿದ್ದರೆ ಗುಟ್ಟಿನಷ್ಟೇ ದೂರ.

ಇದನ್ನೆಲ್ಲ ಹುಡುಗನೊಬ್ಬನೇ ತಿಳಿದುಕೊಳ್ಳಲಿ ಅನ್ನುವುದು ನ್ಯಾಯವಲ್ಲ. 1908ರಲ್ಲಿ ಬೋಸ್ಟನ್‌ನಲ್ಲಿ ಫ್ರಾಂಕ್ ಪಾರ್ಸನ್ಸ್ ಅನ್ನುವವರು ಒಂದು ಕಚೇರಿ ತೆರೆದರು. ವಲಸೆ ಬಂದ ಬಡವರ ಮಕ್ಕಳು ತುಂಬಿದ್ದ ಬಡಾವಣೆ ಅದು. ಬಂದ ಹುಡುಗನನ್ನು ಕೂರಿಸಿಕೊಂಡು, ನಿನಗೆ ಏನು ಬರುತ್ತದೆ, ಏನು ಇಷ್ಟ ಅಂತ ಕೇಳುವುದು, ಇರುವ ಕೆಲಸಗಳ ಬೇಡಿಕೆ ಏನು, ಸಂಬಳ ಎಷ್ಟು ಅಂತ ಬಿಡಿಸಿ ಹೇಳುವುದು, ಎರಡನ್ನೂ ಹೊಂದಿಸಿ ನೋಡುವುದು ಅಲ್ಲಿನ ಕೆಲಸ. ಪಾರ್ಸನ್ಸ್ ಅದೇ ವರ್ಷ ತೀರಿಕೊಂಡರು, ಪದ್ಧತಿ ಉಳಿಯಿತು. ಅಮೆರಿಕ ಸರ್ಕಾರ ನೂರಾರು ಕೆಲಸಗಳ ವಿವರವನ್ನು ಎರಡನೇ ಮಹಾಯುದ್ಧದ ನಂತರ ಪುಸ್ತಕವಾಗಿ ತರಲು ಶುರುಮಾಡಿತು. ಈಗ ಅದು ಇಂಟರ್‌ನೆಟ್‌ನಲ್ಲಿದೆ, ಯಾರು ಬೇಕಾದರೂ ಓದಬಹುದು. ನಮ್ಮಲ್ಲೂ 2015ರಲ್ಲಿ ಕೇಂದ್ರ ಸರ್ಕಾರ ನ್ಯಾಷನಲ್ ಕರಿಯರ್ ಸರ್ವೀಸ್ ಪೋರ್ಟಲ್ ತೆರೆಯಿತು. ಆದರೆ ಹೊಸದುರ್ಗದ ಹುಡುಗನಿಗೂ ಹುಮನಾಬಾದಿನ ಹುಡುಗನಿಗೂ ಪೋರ್ಟಲ್‌ಗಿಂತ ಹೆಚ್ಚು ಬೇಕಾದ್ದು, ತನ್ನ ಭಾಷೆಯಲ್ಲಿ, ತನ್ನ ಪ್ರಶ್ನೆಗೆ ಎದುರು ಕೂತು ಉತ್ತರ ಹೇಳುವ ಒಬ್ಬ ಮನುಷ್ಯ.

ಶಾಲೆಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಮಾರ್ಗದರ್ಶನ ಕಾರ್ಯಕ್ರಮಗಳಲ್ಲಿ ಸಾಮಾನ್ಯವಾಗಿ ದೊಡ್ಡ ಹುದ್ದೆಯವರನ್ನೇ ಕರೆಸುತ್ತಾರೆ. ಅವರ ಮಾತು ಹುರುಪು ಕೊಡುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಅದೇ ಶಾಲೆಯಲ್ಲಿ ಐದಾರು ವರ್ಷದ ಹಿಂದೆ ಓದಿ, ಈಗ ಒಬ್ಬ ಫಿಟ್ಟರ್ ಆಗಿ, ಒಬ್ಬ ಲ್ಯಾಬ್ ಟೆಕ್ನಿಷಿಯನ್ ಆಗಿ, ಒಬ್ಬ ಗೋದಾಮಿನ ಸೂಪರ್‌ವೈಸರ್ ಆಗಿ ಇರುವವರನ್ನು ಕರೆಸಿದರೆ ಹುಡುಗರಿಗೆ ಸಿಗುವುದು ಬೇರೆಯೇ. ಅವರ ವಯಸ್ಸು ಹತ್ತಿರದ್ದು, ಊರು ಒಂದೇ, ಮನೆಯ ಕಷ್ಟವೂ ಹೆಚ್ಚು ಕಡಿಮೆ ಒಂದೇ. ಅವರನ್ನು ಭಾಷಣ ಮಾಡಿ ಅನ್ನಬೇಡಿ. ಹುಡುಗರೇ ಕೇಳಲಿ: ಬೆಳಗ್ಗೆ ಎಷ್ಟು ಗಂಟೆಗೆ ಹೋಗಬೇಕು? ಇಡೀ ದಿನ ಏನು ಮಾಡುತ್ತೀರಿ? ಸೇರಿದಾಗ ಕೈಗೆ ಬಂದ ಸಂಬಳ ಎಷ್ಟು, ಪಿಎಫ್ ಹಿಡಿದ ಮೇಲೆ ಎಷ್ಟು? ಈಗ ಎಷ್ಟು? ಕಾಯಂ ಆಗಿದೆಯಾ, ಕಾಂಟ್ರ್ಯಾಕ್ಟಾ? ನಿಮ್ಮ ಮೇಲಿನ ಹುದ್ದೆಗೆ ಹೋಗಲು ಏನು ಕಲಿಯಬೇಕು? ರೂಮ್ ಬಾಡಿಗೆಗೆ, ಊಟಕ್ಕೆ ತಿಂಗಳಿಗೆ ಎಷ್ಟಾಗುತ್ತದೆ? ಇದಕ್ಕೆ ಸೇರುವ ಮೊದಲು ನಿಮಗೆ ಏನು ಗೊತ್ತಿದ್ದರೆ ಚೆನ್ನಾಗಿತ್ತು?

ಇದನ್ನು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಮಾಡಿದರೆ ತಡವಾಗುತ್ತದೆ, ಅಷ್ಟೊತ್ತಿಗೆ ಅರ್ಜಿಯ ಗಡಿಬಿಡಿ ಶುರುವಾಗಿರುತ್ತದೆ. ಒಂಬತ್ತನೇ ತರಗತಿಯಲ್ಲೇ ಮಾಡಬೇಕು. ತೀರಾ ಕಷ್ಟದಲ್ಲಿರುವ ಮನೆಯ ಹುಡುಗರಿಗೆ ಅದೇ ದಿನ ವಿದ್ಯಾರ್ಥಿವೇತನ ಮತ್ತು ಹಾಸ್ಟೆಲ್‌ನ ಅರ್ಜಿಯನ್ನೂ ಕೈಗೆ ಕೊಟ್ಟು, ತುಂಬಿಸಿಯೇ ಕಳಿಸಬೇಕು.